ಸಹಾಯ ಬೇಕು: ಗ್ಯಾಸ್ಟ್ರಿಕ್ ಬೈಪಾಸ್ ಆದ ಮೇಲೆ ದೇವಸ್ಥಾನದ ಪಂಕ್ತಿ ಊಟ ಹೇಗೆ?

ಎಲ್ಲರಿಗೂ ನಮಸ್ಕಾರ. ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ (ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್) ಮಾಡಿಸಿಕೊಂಡಿದ್ದೇನೆ. ಈಗ ಮಾಮೂಲಿ ಊಟ ಮಾಡಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ದಸರಾ ರಜೆಗೆ ಮನೆಯವರೆಲ್ಲ ಹೊರನಾಡು, ಶೃಂಗೇರಿ, ಉಡುಪಿ ಕಡೆ ಹೊರಟಿದ್ದೇವೆ.

ಮನೆಯಲ್ಲಿ ಸಣ್ಣ ಬಟ್ಟಲು ರೂಢಿಯಾಗಿದೆ. ಮೊದಲು ಬೇಳೆ, ಪನ್ನೀರ್. ಆಮೇಲೆ ಜಾಗ ಉಳಿದರೆ ಒಂದೆರಡು ತುತ್ತು ಅನ್ನ. ಊಟವಾಗಿ ಅರ್ಧ ಗಂಟೆ ಬಿಟ್ಟೇ ನೀರು. ಪಂಕ್ತಿಯಲ್ಲಿ ಇದೆಲ್ಲ ನಡೆಯುತ್ತಾ? ಬಡಿಸುವವರು ಬಕೆಟ್ ಹಿಡಿದು ಓಡುತ್ತಲೇ ಬರುತ್ತಾರೆ. "ಸಾಕು" ಅನ್ನುವಷ್ಟರಲ್ಲಿ ಎಲೆ ಮೇಲೆ ಅನ್ನದ ಗುಡ್ಡೆ! ನಾನು ನಾಲ್ಕು ತುತ್ತು ಅಗಿಯುವುದರೊಳಗೆ ಸಾಲೇ ಎದ್ದಿರುತ್ತದೆ. ಪ್ರಸಾದ ಬಿಟ್ಟು ಏಳಲು ಮನಸ್ಸು ಬರಲ್ಲ. ಅತ್ತೆಯವರಂತೂ "ಅನ್ನಪೂರ್ಣೇಶ್ವರಿ ಸನ್ನಿಧಿಯಲ್ಲಿ ಪಾಯಸ ಬೇಡ ಅನ್ನಬಾರದಮ್ಮಾ" ಅಂತ ಈಗಲೇ ಶುರು ಮಾಡಿದ್ದಾರೆ. ಸಿಹಿ ಸ್ವಲ್ಪ ಜಾಸ್ತಿಯಾದರೂ ನನಗೆ ಎದೆ ಡವಡವ, ಬೆವರು, ಆಮೇಲೆ ಭೇದಿ. ಡಂಪಿಂಗ್ ಅಂತಾರಲ್ಲ, ಅದೇ. ಆಗುಂಬೆ ಘಾಟಿಯಲ್ಲಿ ಹಾಗಾದರೆ ಏನು ಗತಿ?

ಇದೇ ಆಪರೇಷನ್ ಆದವರು ಹೇಗೆ ನಿಭಾಯಿಸಿದಿರಿ? ಮಗನ ಎಲೆಯಲ್ಲೇ ಹಂಚಿಕೊಂಡು ತಿಂದರೆ ಬಡಿಸುವವರು ಏನಾದರೂ ಅಂತಾರಾ? ಉಡುಪಿ ಹೋಟೆಲಿನಲ್ಲಿ ಎಣ್ಣೆ ಕಡಿಮೆ, ಪ್ರೋಟೀನ್ ಜಾಸ್ತಿ ಇರುವಂಥದ್ದು ಏನು ಕೇಳಬಹುದು? ಪ್ರೋಟೀನ್ ಪುಡಿ, ವಿಟಮಿನ್ ಮಾತ್ರೆ ಬ್ಯಾಗಿನಲ್ಲಿ ಇರುತ್ತವೆ. ಡಯಟಿಷಿಯನ್ ಹತ್ತಿರವೂ ಮಾತಾಡಿದ್ದೇನೆ. ಪಾಪ, ಅವರು ಅಳತೆ ಹೇಳುತ್ತಾರೆ, ಪಕ್ಕದಲ್ಲಿ ಅತ್ತೆ ಕೂತಿರುವ ಕಷ್ಟ ಅವರಿಗೇನು ಗೊತ್ತು! ಮುಂದಿನ ವಾರವೇ ಹೊರಡಬೇಕು, ದಯವಿಟ್ಟು ಬೇಗ ತಿಳಿಸಿ.