ರೋಡ್‌ಕಿಂಗ್‌ಗೆ ‘ಹೇಳಿ ಮಾಡಿಸಿದ’ ಸೈಲೆನ್ಸರ್: ದುಡ್ಡೂ ಹೋಯ್ತು, ಹಳೇದೂ ಹೋಯ್ತು

ಯಾದವಗಿರಿ ಹುಡುಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ. ತಿಂಗಳಿಂದ ಹೊಟ್ಟೆ ಉರೀತಿದೆ.

ನಮ್ಮಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್, 1988ರ ಗಾಡಿ. ಇದು ತಯಾರಾಗುತ್ತಿದ್ದ ಮೈಸೂರಿನ ಯಾದವಗಿರಿ ಫ್ಯಾಕ್ಟರಿಯಿಂದ ನಮ್ಮ ಮನೆಗೆ ನಡೆದೇ ಹೋಗಬಹುದು, ಅಷ್ಟು ಹತ್ತಿರ. ಫ್ಯಾಕ್ಟರಿ 1996ರಲ್ಲಿ ಮುಚ್ಚಿತು, ಗಾಡಿ ಮಾತ್ರ ನಿಲ್ಲಲಿಲ್ಲ. ಎರಡು ವರ್ಷದ ಹಿಂದೆ ಎಂಜಿನ್ ಬಿಚ್ಚಿ ಕಟ್ಟಿಸಿದೆ, ಆಮೇಲೆ ವೈರಿಂಗ್, ಆಮೇಲೆ ಪೇಂಟ್. ಉಳಿದಿದ್ದು ಸೈಲೆನ್ಸರ್ ಒಂದೇ. ಕ್ರೋಮ್ ಎದ್ದುಹೋಗಿತ್ತು, ಬಲಗಡೆಯದರ ಅಡಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ತೂತು. ಮಾರ್ಕೆಟ್‌ನಲ್ಲಿ ಸಿಗುವ ಹೊಸ ಜೋಡಿಯನ್ನು ಗೆಳೆಯನೊಬ್ಬ ಹಾಕಿಸಿದ್ದ, ಎರಡನೇ ಮಳೆಗಾಲಕ್ಕೆ ಕ್ರೋಮ್ ಸಿಪ್ಪೆ ಸಿಪ್ಪೆಯಾಗಿ ಬಂತು. ಹಾಗಾಗಿ ನಾನು ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಮಾಡಿಸೋಣ ಅಂತ ಹೊರಟೆ.

ಬೆಂಗಳೂರಿನ ಒಂದು ಅಂಗಡಿ, ಹೆಸರು ಬೇಡ. ವಿಡಿಯೋ ನೋಡಿದರೆ ಕಣ್ಣು ಕುಕ್ಕುವ ಹಾಗೆ ಪಾಲಿಶ್. ಫೋನ್ ಮಾಡಿದೆ. ‘304 ಗ್ರೇಡ್ ಸ್ಟೀಲ್ ಸರ್, ಟಿಗ್ ವೆಲ್ಡಿಂಗ್, ನಿಮ್ಮ ಮಗನ ಕಾಲಕ್ಕೂ ಇರುತ್ತೆ’ ಅಂದರು. ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೋಗುವ ಬೆಂಡ್ ಪೈಪ್ ಸೇರಿ ಜೋಡಿಗೆ 16,000. ಯುಪಿಐನಲ್ಲಿ 10,000 ಅಡ್ವಾನ್ಸ್ ಕಳಿಸಿದೆ. ಬಿಲ್ ಕೇಳಿದೆ, ‘ಕೊನೇಲಿ ಕೊಡ್ತೀವಿ’ ಅಂದರು. ಅಳತೆಗೆ ಸ್ಯಾಂಪಲ್ ಬೇಕು ಅಂದರು, ಎಡಗಡೆಯ ಹಳೆ ಸೈಲೆನ್ಸರ್ ಬಿಚ್ಚಿ ಕಳಿಸಿಕೊಟ್ಟೆ. ಎಡಗಡೆಯದು ಇನ್ನೂ ಚೆನ್ನಾಗಿತ್ತು ಅನ್ನೋದನ್ನ ಇಲ್ಲೇ ಹೇಳಿಬಿಡ್ತೀನಿ.

ಯುಗಾದಿ ಆದ ಮೇಲೆ ಆರ್ಡರ್ ಕೊಟ್ಟಿದ್ದು, ಒಂದು ತಿಂಗಳು ಅಂದಿದ್ದರು. ಜುಲೈ ಎರಡನೇ ಭಾನುವಾರ ಜಾವಾ, ಯೆಜ್ಡಿ ಗಾಡಿಯವರೆಲ್ಲ ಸೇರುವ ಜಾವಾ ಡೇ ಅಲ್ವಾ, ಪಾರ್ಸೆಲ್ ಬಂದಿದ್ದು ಅದರ ಹಿಂದಿನ ಗುರುವಾರ. ಬಾಕಿ 6,000 ಹಾಕಿದ ಮೇಲೇ ಕಳಿಸಿದ್ದು. ಅಷ್ಟು ದಿನ ‘ಪಾಲಿಶ್‌ಗೆ ಹೋಗಿದೆ’, ‘ಹುಡುಗ ಊರಿಗೆ ಹೋಗಿದಾನೆ’, ‘ಕರೆಂಟ್ ಇಲ್ಲ’.

ಪೆಟ್ಟಿಗೆ ಬಿಚ್ಚಿದಾಗ ಖುಷಿಯಾಯ್ತು, ಸುಳ್ಳು ಹೇಳಲ್ಲ. ಮುಖ ಕಾಣುತ್ತಿತ್ತು ಅದರಲ್ಲಿ. ಹಾಕಲು ಕೂತೆವು. ಬಲಗಡೆ ಬ್ರಾಕೆಟ್ ತೂತು ಒಂದು ಬೆರಳಿನಷ್ಟು ಹಿಂದಕ್ಕೆ. ಮೆಕ್ಯಾನಿಕ್ ಪಟ್ಟಿ ಕೊರೆದು ಹೇಗೋ ಕೂರಿಸಿದರು. ಎಡಗಡೆಯದು ಕೂತಿತು, ಆದರೆ ಅರ್ಧ ಇಂಚು ಹೊರಗೆ ಚಾಚಿದೆ. ಈ ಗಾಡಿ ಗೊತ್ತಿರೋರಿಗೆ ಗೊತ್ತು, ಎಡಗಡೆ ಗೇರ್ ಲಿವರನ್ನೇ ತಿರುಗಿಸಿ ಕಿಕ್ ಹೊಡೀಬೇಕು. ಅಪ್ಪ ಹೊಡೆದರು. ಕಾಲು ಕೆಳಗೆ ಬರುವಾಗ ಹಿಮ್ಮಡಿ ನೇರ ಸೈಲೆನ್ಸರ್ ಮೇಲೆ. 68 ವರ್ಷದ ಮನುಷ್ಯ, ‘ಅಯ್ಯೋ’ ಅಂತ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಸ್ಟಾರ್ಟ್ ಆಯ್ತು. ಸೌಂಡು ಯೆಜ್ಡಿಯದ್ದಲ್ಲ, ಖಾಲಿ ಡಬ್ಬ ಬಡಿದ ಹಾಗೆ. ಗಾಡಿ 40ರ ಕೆಳಗೆ ಎಳೆಯೋದೇ ಇಲ್ಲ, ಚಾಮುಂಡಿ ಬೆಟ್ಟಕ್ಕೆ ಮೊದಲು ಮೂರನೇ ಗೇರಲ್ಲಿ ಹೋಗುತ್ತಿದ್ದ ಕಡೆ ಈಗ ಎರಡಕ್ಕೆ ಇಳಿಸಬೇಕು. ಬೆಂಡ್ ಪೈಪ್ ಎಂಜಿನ್‌ಗೆ ಸೇರುವ ಕಾಲರ್ ನಟ್ ಹತ್ತಿರ ಕಪ್ಪು ಎಣ್ಣೆ ಸೋರುತ್ತದೆ. ಈಗ ಒಂದು ತಿಂಗಳು, ವೆಲ್ಡಿಂಗ್ ಉದ್ದಕ್ಕೂ ಟೀ ಚೆಲ್ಲಿದ ಹಾಗೆ ಕಂದು ಕಲೆ.

ಫೋನ್ ಮಾಡಿ, ನಿಮ್ಮದು ವಾಪಸ್ ತಗೊಳ್ಳಿ, ನನ್ನ ಹಳೇದು ಕೊಡಿ ಅಂದೆ. ‘ಹಳೇದು ಕಟ್ ಮಾಡಿದೀವಿ ಸರ್, ಒಳಗೆ ನೋಡಬೇಕಲ್ಲ?’ ಅಂದರು. ಒಳಗೆ ನೋಡಿದ ಮೇಲೆ ಹಾಗೇ ಮಾಡಬಾರದಿತ್ತಾ ಅಂತ ಕೇಳಿದರೆ, ‘ಒಳಗಿನ ಬಫಲ್, ಅದೇ ಸದ್ದು ತಗ್ಗಿಸೋ ತಟ್ಟೆ ಕೊಳವೆ, ವೇಸ್ಟ್ ಸರ್, ಹೊಗೆ ಕಟ್ಟುತ್ತೆ, ಅದಕ್ಕೇ ನೇರ ಪೈಪ್ ಹಾಕಿ ಗ್ಲಾಸ್ ವುಲ್ ಸುತ್ತಿದೀವಿ. ಕಸ್ಟಮ್ ಐಟಮ್ ರಿಟರ್ನ್ ಇಲ್ಲ.’ ಫೋನ್ ಕಟ್.

ಪಿಕಪ್ ಹೋಗಿದ್ದು ಸೈಲೆನ್ಸರ್‌ನಿಂದಲೇನಾ? ದುಡ್ಡು ವಾಪಸ್ ಬರೋ ದಾರಿ ಏನಾದರೂ ಇದೆಯಾ? ಯಾರ ಹತ್ತಿರವಾದರೂ ಹಳೆ ಎಡಗಡೆ ಸೈಲೆನ್ಸರ್ ಇದ್ದರೆ ದಯವಿಟ್ಟು ಹೇಳಿ.

ಲೇತ್ ಅಣ್ಣ:

ಸೈಲೆನ್ಸರ್‌ನಿಂದಲೇ. ಅನುಮಾನವೇ ಬೇಡ.

ಆ ಪುಣ್ಯಾತ್ಮರು ಬುಲೆಟ್ ಸೈಲೆನ್ಸರ್ ಮಾಡಿ ಮಾಡಿ ಕೈ ಪಳಗಿಸಿಕೊಂಡವರು ಅನ್ಸುತ್ತೆ. ಬುಲೆಟ್‌ನಂಥ ಫೋರ್ ಸ್ಟ್ರೋಕ್‌ಗೆ ವಾಲ್ವ್ ಇದೆ, ಅಲ್ಲಿ ನೇರ ಪೈಪ್ ಹಾಕಿದರೆ ಸದ್ದು ಜಾಸ್ತಿಯಾಗುತ್ತೆ, ಗಾಡಿ ಹೇಗೋ ಓಡುತ್ತೆ. ನಿಮ್ಮ ಯೆಜ್ಡಿ ಟೂ ಸ್ಟ್ರೋಕ್, ಅದರಲ್ಲಿ ವಾಲ್ವ್ ಇಲ್ಲ. ಹೊಸ ಪೆಟ್ರೋಲ್ ಗಾಳಿ ಸಿಲಿಂಡರ್ ಒಳಗೆ ಬರುವಾಗಲೂ ಹೊಗೆ ಹೋಗುವ ಕಿಂಡಿ ತೆರೆದೇ ಇರುತ್ತೆ. ಹೊಸದರಲ್ಲಿ ಸ್ವಲ್ಪ ಹೊಗೆಯ ಜೊತೆಗೇ ಆಚೆ ಓಡುತ್ತೆ. ಅದನ್ನ ತಡೆಯೋದು ಯಾರು? ಸೈಲೆನ್ಸರೇ. ಹೊಗೆ ಹೊರಟಾಗ ಒಂದು ಒತ್ತಡದ ಅಲೆ ಹೋಗುತ್ತೆ, ಒಳಗಿನ ಕೋನು ತಟ್ಟೆಗಳಿಗೆ ಬಡಿದು ವಾಪಸ್ ಬರುತ್ತೆ, ಕಿಂಡಿ ಮುಚ್ಚುವ ಹೊತ್ತಿಗೆ ಸರಿಯಾಗಿ ಬಂದು ಓಡಿಹೋಗುತ್ತಿದ್ದ ಪೆಟ್ರೋಲನ್ನ ಒಳಕ್ಕೆ ತಳ್ಳುತ್ತೆ. ಬಾಗಿಲಲ್ಲಿ ನಿಂತು ದನ ಒಳಗೆ ಅಟ್ಟಿದ ಹಾಗೆ. ನೇರ ಪೈಪ್ ಹಾಕಿದರೆ ಬಾಗಿಲಲ್ಲಿ ಯಾರೂ ಇಲ್ಲ. ನಿಮ್ಮ ದುಡ್ಡಿನ ಪೆಟ್ರೋಲ್ ರೋಡಿಗೆ.

ಇನ್ನೊಂದು ವಿಷಯ. ನಿಮ್ಮದು ಒಂದೇ ಸಿಲಿಂಡರ್, ಆದರೆ ಹೊಗೆಗೆ ದಾರಿ ಎರಡು. ಎಡ ಬಲ ಎರಡೂ ಒಳಗಡೆ ಒಂದೇ ಅಳತೆ ಇರಬೇಕು. ಬಲಗಡೆ ಬ್ರಾಕೆಟ್ ಬೆರಳಷ್ಟು ಹಿಂದೆ ಅಂದರೆ ಪೈಪ್ ಉದ್ದವೇ ಬೇರೆ ಇರಬಹುದು, ಟೇಪ್ ಹಿಡಿದು ನೋಡಿ. ಗ್ಲಾಸ್ ವುಲ್ ಅಂತೂ ಪೆಟ್ರೋಲಿಗೆ ಬೆರೆಸುವ ಟೂಟಿ ಆಯಿಲ್ ಕುಡಿದು ಕುಡಿದು ಕೊನೆಗೆ ಎಣ್ಣೆಯಲ್ಲಿ ನೆನೆದ ಹಾಸಿಗೆ ಆಗುತ್ತೆ.

ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಬೆಳ್ಳಗಿದ್ದರೆ ಎಂಜಿನ್ ಅತಿಯಾಗಿ ಕಾಯ್ತಿದೆ ಅಂತ, ಗಾಡಿ ಎತ್ತಬೇಡಿ, ಪಿಸ್ಟನ್ ಹಿಡಿದುಕೊಳ್ಳುತ್ತೆ. ಹೊಸದಾಗಿ ಕಟ್ಟಿಸಿದ ಎಂಜಿನ್ ಬೇರೆ.

ಕಲೆ ವಿಷಯ. ಅದು 202 ಗ್ರೇಡ್ ಸ್ಟೀಲ್ ಇರಬಹುದು. 304ರಲ್ಲಿ ನಿಕ್ಕಲ್ ಶೇಕಡಾ 8ರ ಮೇಲೆ ಇರುತ್ತೆ, 202ರಲ್ಲಿ 4ರಿಂದ 6, ಉಳಿದದ್ದಕ್ಕೆ ಮ್ಯಾಂಗನೀಸ್ ತುಂಬಿರ್ತಾರೆ, ಅದಕ್ಕೇ ಅಗ್ಗ. ಆದರೆ ನ್ಯಾಯವಾಗಿ ಹೇಳಬೇಕಂದ್ರೆ 304 ಆದರೂ ಕಬ್ಬಿಣ ಉಜ್ಜಿದ ಡಿಸ್ಕ್‌ನಲ್ಲೇ ಉಜ್ಜಿದರೆ, ವೆಲ್ಡ್ ಆದ ಮೇಲೆ ಸರಿಯಾಗಿ ತೊಳೆಯದಿದ್ದರೆ ಕಲೆ ಬರುತ್ತೆ. ಮ್ಯಾಗ್ನೆಟ್ ಇಟ್ಟು ನೋಡೋದು ದಂಡ, 202ಗೂ ಅಂಟಲ್ಲ. ದೊಡ್ಡ ಗುಜರಿ ವ್ಯಾಪಾರಿಗಳ ಹತ್ತಿರ ಪಿಸ್ತೂಲಿನ ತರ ಒಂದು ಮಷೀನ್ ಇರುತ್ತೆ, ಲೋಹಕ್ಕೆ ಹಿಡಿದರೆ ಯಾವುದು ಎಷ್ಟಿದೆ ಅಂತ ತೋರಿಸುತ್ತೆ. ಅದರಲ್ಲಿ ನೋಡಿಸಿ, ಫೋಟೋ ತಗೊಳ್ಳಿ.

ಹುಬ್ಬಳ್ಳಿ ಬುಲೆಟ್:

ಒರಿಜಿನಲ್ ಸ್ಯಾಂಪಲ್ ಯಾಕ್ ಕೊಟ್ರಿ ಸರ್! ಓದಿ ನನಗ ಹೊಟ್ಟಿ ಚುರ್ ಅಂತು.

ನಂದೂ ಕೇಳ್ರಿ. ಬುಲೆಟ್‌ಗೆ ಹ್ಯಾಂಡಲ್ ಮಾಡಿಸಿದ್ದೆ, ಫೋಟೋ ನೋಡಿ ಅಳತಿ ತಗೊಂಡಿದ್ರು. ಪೂರ್ತಿ ತಿರುಗಿಸಿದ್ರ ಟ್ಯಾಂಕಿಗೆ ಬಡೀತಿತ್ತು, ಎರಡೂ ಕಡೆ ಗುಳಿ ಬಿತ್ತು. ಫೋನ್ ಮಾಡಿದ್ರ ಏನಂದ್ರು ಗೊತ್ತೇನ್ರಿ? ‘ನೀವು ಪೂರ್ತಿ ತಿರುಗಿಸಬ್ಯಾಡ್ರಿ.’

ಈಗ ಆ ಹ್ಯಾಂಡಲ್‌ಗೆ ನಮ್ಮವ್ವ ಹಿತ್ತಲದಾಗ ಹೀರಿಬಳ್ಳಿ ಹಬ್ಬಿಸ್ಯಾಳ.

ಕಪ್ಪು ಕೋಟು:

ದುಡ್ಡಿನ ವಿಷಯಕ್ಕೆ ಬರ್ತೀನಿ. ‘ಕಸ್ಟಮ್ ಐಟಮ್ ರಿಟರ್ನ್ ಇಲ್ಲ’ ಅಂತ ಬಾಯಲ್ಲಿ ಹೇಳಿದ ತಕ್ಷಣ ಕಾನೂನು ಆಗಲ್ಲ. ನಿಮಗೆ ಇಷ್ಟವಾಗಲಿಲ್ಲ ಅಂತ ವಾಪಸ್ ಕೊಡೋದು ಬೇರೆ, ಅಳತೆ ತಪ್ಪಿದೆ, ಹೇಳಿದ ಸ್ಟೀಲ್ ಅಲ್ಲ, ಸೋರುತ್ತದೆ ಅಂತ ಕೊಡೋದು ಬೇರೆ. ಎರಡನೆಯದು ದೋಷ ಇರುವ ಮಾಲು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದೇ ಇರೋದೂ ಅನುಚಿತ ವ್ಯಾಪಾರವೇ.

ನೀವು ಮೈಸೂರಿನಲ್ಲಿದ್ದೀರಿ, ಅಂಗಡಿ ಬೆಂಗಳೂರಿನಲ್ಲಿದೆ ಅಂತ ಯೋಚನೆ ಬೇಡ. ಈ ಕಾಯ್ದೆ ಬಂದ ಮೇಲೆ ದೂರು ಕೊಡೋರು ಇರುವ ಊರಲ್ಲೇ ಕೇಸ್ ಹಾಕಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ (ನಮ್ಮ ಹೊಟ್ಟೆ ಮೇಲೆ ನಾನೇ ಹೊಡ್ಕೊಳ್ತಿದೀನಿ), ಎರಡು ವರ್ಷದೊಳಗೆ ಹಾಕಬೇಕು. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ಅಂಗಡಿಯವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ನೋಟಿಸ್ ಕಳಿಸಿ, ಹದಿನೈದು ದಿನ ಗಡುವು ಕೊಡಿ. ಅದರಲ್ಲಿ ಹಳೆ ಸೈಲೆನ್ಸರ್ ಕಟ್ ಮಾಡಿದ್ದನ್ನೂ ಬೇರೆಯಾಗಿ ಬರೆಯಿರಿ. ಅಳತೆಗೆ ಅಂತ ಕೊಟ್ಟ ನಿಮ್ಮ ವಸ್ತು ಅದು, ಅವರು ಅದನ್ನ ಹಾಳು ಮಾಡಿದ್ದಾರೆ. ಚಾಟ್ ಒಂದನ್ನೂ ಅಳಿಸಬೇಡಿ.

ಇನ್ನೊಂದು ಕಹಿ ಮಾತು. ಆ ಖಾಲಿ ಡಬ್ಬದ ಸೌಂಡ್ ಇಟ್ಟುಕೊಂಡು ಊರಲ್ಲಿ ತಿರುಗಬೇಡಿ. ಕಂಪನಿ ಕೊಟ್ಟಿದ್ದನ್ನ ಬದಲಾಯಿಸೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. ಶಬ್ದ ಮಾಲಿನ್ಯಕ್ಕೆ 2019ರ ತಿದ್ದುಪಡಿ ಆದ ಮೇಲೆ ದಂಡ 10,000ದವರೆಗೂ ಹೋಗಬಹುದು. ಕಿತ್ತ ಸೈಲೆನ್ಸರ್‌ಗಳನ್ನ ಸಾಲಾಗಿ ಮಲಗಿಸಿ ಪೊಲೀಸರು ರೋಡ್ ರೋಲರ್ ಓಡಿಸೋದನ್ನ ನೀವೂ ನೋಡಿರ್ತೀರಿ.

ಟಿಗ್ ಟಾರ್ಚ್:

ನಾನೂ ಇದೇ ಕೆಲಸ ಮಾಡೋನು, ಅದಕ್ಕೇ ಬರೀತಿದೀನಿ. ಬೈಸಿಕೊಳ್ಳೋಕೂ ರೆಡಿ.

ಇಲ್ಲಿ ಅಂಗಡಿಯವರದು ತಪ್ಪು, ಒಪ್ಪಿದೆ. ಸ್ಯಾಂಪಲ್ ಕಟ್ ಮಾಡೋಕೆ ಮುಂಚೆ ಒಂದು ಫೋನ್ ಮಾಡಬೇಕಿತ್ತು. ಆದರೆ 16,000ಕ್ಕೆ ಬೆಂಡ್ ಪೈಪ್ ಸೇರಿಸಿ ಜೋಡಿ, ಅದೂ ನಿಜವಾದ 304, ಒಳಗೆ ಬಫಲ್ ತಟ್ಟೆ ಎಲ್ಲ ಹಳೇದರ ಹಾಗೇ, ನನ್ನ ಕೈಲಂತೂ ಆಗಲ್ಲ. ಒಳಗಿನ ಕೆಲಸವೇ ಹೊರಗಿನದಕ್ಕಿಂತ ಎರಡರಷ್ಟು ಹೊತ್ತು ತಗೊಳ್ಳುತ್ತೆ. ಪೈಪ್ ಒಳಗೂ ಆರ್ಗಾನ್ ಗ್ಯಾಸ್ ಬಿಡದಿದ್ದರೆ ವೆಲ್ಡ್ ಒಳಗಡೆ ಸಕ್ಕರೆ ಹರಳಿನ ಹಾಗೆ ಕರಕಲಾಗುತ್ತೆ. ಅದು ಯಾರ ಕಣ್ಣಿಗೂ ಬೀಳಲ್ಲ. ಗಿರಾಕಿ ಬಂದು ನೋಡೋದು ಪಾಲಿಶ್. ‘ಅಲ್ಲಿ ಎಂಟು ಸಾವಿರಕ್ಕೆ ಕೊಡ್ತಾರೆ’ ಅಂತ ಚೌಕಾಸಿ ಮಾಡೋದೂ ಪಾಲಿಶ್ ನೋಡೇ. ಆಗ ಉಳಿಸೋದು ಎಲ್ಲಿ? ಒಳಗಡೆ.

ನಾನಂತೂ ಗಾಡಿ ಶೆಡ್‌ಗೆ ಬರದೆ ಸೈಲೆನ್ಸರ್ ಕೆಲಸ ಹಿಡಿಯಲ್ಲ. 35 ವರ್ಷದ ಫ್ರೇಮ್ ಎಲ್ಲೋ ಒಂದು ಕಡೆ ಬಾಗಿರುತ್ತೆ. ಸ್ಯಾಂಪಲ್ ಸರಿಯಾಗೇ ಇದ್ದರೂ ಆ ಗಾಡಿಗೆ ಕೂರಲ್ಲ.

ಯಾದವಗಿರಿ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಟಿಗ್ ಟಾರ್ಚ್ ಅವರೇ, ಬೈಯಲ್ಲ. ನಾನೂ 18,000 ಹೇಳಿದ್ದನ್ನ 16,000ಕ್ಕೆ ಇಳಿಸಿದವನೇ.

ಪ್ಲಗ್ ಬಿಚ್ಚಿದೆ, ಸುಣ್ಣದ ಹಾಗೆ ಬೆಳ್ಳಗಿತ್ತು. ಗಾಡಿಗೆ ಹೊದಿಕೆ ಹಾಕಿಟ್ಟಿದ್ದೇನೆ. ಟೇಪ್ ಹಿಡಿದೆ, ಬಲಗಡೆ ಪೈಪ್ ಎಡಗಡೆಗಿಂತ 22 ಮಿ.ಮೀ. ಉದ್ದ. ಗುಜರಿಯಲ್ಲಿ ಮಷೀನ್ ಹಿಡಿಸಿದೆ, ಬೆಂಡ್ ಪೈಪ್ 304 ಅಂತ ಬಂತು, ಸೈಲೆನ್ಸರ್ ಬಾಡಿ 202. ಅರ್ಧ ಸತ್ಯ ಹೇಳಿದ್ದರು ಅಂತಾಯ್ತು.

1915ಕ್ಕೆ ದೂರು ಬರೆಸಿದೆ, ನೋಟಿಸ್ ಕಳಿಸಿದೆ. ಒಂಬತ್ತನೇ ದಿನಕ್ಕೆ ಅವರೇ ಫೋನ್ ಮಾಡಿದರು, ಈ ಸಲ ‘ಅಣ್ಣ’ ಅಂತ. 8,000 ವಾಪಸ್ ಹಾಕಿದ್ದಾರೆ, ಉಳಿದದ್ದು ಮುಂದಿನ ತಿಂಗಳು ಅಂತೆ. ಬರಲಿ, ನೋಡೋಣ, ಎರಡು ವರ್ಷ ಟೈಮ್ ಇದೆಯಲ್ಲ.

ನಿನ್ನೆ ಒಂದು ಗೋಣಿಚೀಲ ಬಂತು. ಅದರಲ್ಲಿ ನಮ್ಮ ಹಳೆ ಸೈಲೆನ್ಸರ್, ಉದ್ದಕ್ಕೆ ಮೀನು ಸೀಳಿದ ಹಾಗೆ ಎರಡು ಹೋಳು. ಬಫಲ್ ಕೊಳವೆ ಪೇಪರ್‌ನಲ್ಲಿ ಸುತ್ತಿ ಇಟ್ಟಿದ್ದಾರೆ, ಪುಣ್ಯ. ಅಪ್ಪ ಹೋಳನ್ನ ಮೂಗಿನ ಹತ್ತಿರ ಹಿಡಿದು, ‘ಇದನ್ನ ನಾನು ಕಾಸ್ಟಿಕ್ ಸೋಡ ಹಾಕಿ ಎಷ್ಟು ಸಲ ತೊಳೆದಿದೀನಿ, ಒಳಗಡೆ ಹೀಗಿದೆ ಅಂತ ಇವತ್ತೇ ನೋಡಿದ್ದು’ ಅಂದರು. ಆಮೇಲೆ ತುಂಬ ಹೊತ್ತು ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಲೇತ್ ಅಣ್ಣ, ಇದನ್ನ ಮತ್ತೆ ಕೂಡಿಸೋಕೆ ಆಗುತ್ತಾ?

ಲೇತ್ ಅಣ್ಣ:

ಕಟ್ ನೇರವಾಗಿದ್ದರೆ ಆಗುತ್ತೆ. ಕಟ್ಟರ್ ಬ್ಲೇಡ್ ತಿಂದಷ್ಟು ತಗಡು ಕಮ್ಮಿಯಾಗಿರುತ್ತೆ, ಮಧ್ಯೆ ಸಣ್ಣ ಪಟ್ಟಿ ಕೊಟ್ಟು ಕೂಡಿಸಬೇಕು. ಮೊದಲು ಬಫಲ್ ಒಳಗೆ ಇದ್ದ ಜಾಗದಲ್ಲೇ ಕೂರಿಸಬೇಕು, ಕಾರ್ಬನ್ ಗುರುತು ನೋಡಿದರೆ ಜಾಗ ಗೊತ್ತಾಗುತ್ತೆ, ಅದಕ್ಕೇ ದಯವಿಟ್ಟು ತೊಳೀಬೇಡಿ. ಕ್ರೋಮ್ ಆಮೇಲೆ ನೋಡೋಣ. ಬಲಗಡೆಯ ತೂತು ಅರ್ಧ ಗಂಟೆ ಕೆಲಸ. ನಾನು ಮಂಡ್ಯದಲ್ಲಿದೀನಿ, ನಂಬರ್ ಮೆಸೇಜ್ ಮಾಡಿದೀನಿ.

ಯಾದವಗಿರಿ ಹುಡುಗ:

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರ್ತೀನಿ. ಅಪ್ಪನೂ ಬರ್ತಾರಂತೆ. ಹೋಳು ಮಾತ್ರ ತಂದರೆ ಸಾಕಾ?

ಲೇತ್ ಅಣ್ಣ:

ಗಾಡೀನೂ ಟೆಂಪೋದಲ್ಲಿ ಹಾಕ್ಕೊಂಡು ಬನ್ನಿ. ಆ ಹೊಸ ಸೈಲೆನ್ಸರ್ ಬಿಚ್ಚಿಟ್ಟು ಬನ್ನಿ.

ಹುಬ್ಬಳ್ಳಿ ಬುಲೆಟ್:

ಬಿಚ್ಚಿದ್ದು ಒಗಿಬ್ಯಾಡ್ರಿ. ಹೀರಿಬಳ್ಳಿಗೆ ಗಟ್ಟಿ ಇರ್ತೈತಿ.