ಪುಟ್ಟನ ಕಣ್ಣು ಮಿಟುಕಿಸುವ ವಿಚಾರ

ತಂಗಿ, ನಿನ್ನ ಮೆಸೇಜ್ ನಿನ್ನೆಯೇ ನೋಡಿದೆ. ಕಾಫಿ ಕೊಯ್ಲಿನ ಜನ ಇದ್ದರು, ಉತ್ತರ ಕೊಡಲು ಆಗಲಿಲ್ಲ. ಅಷ್ಟರಲ್ಲಿ ಗುಂಪಿನಲ್ಲಿ ಎಲ್ಲರೂ ಮದ್ದು ಹೇಳಿ ಮುಗಿಸಿದ್ದಾರೆ. ದೃಷ್ಟಿ ಆಗಿದೆ, ಮೊಬೈಲ್ ಜಾಸ್ತಿ ಆಯ್ತು, ಜಂತುಹುಳು ಇರಬೇಕು, ಎರಡು ಏಟು ಬಿಟ್ಟರೆ ಸರಿ ಹೋಗುತ್ತೆ. ಕೊನೆಯದು ಭಾವ ಹೇಳಿದ್ದು. ಭಾವಾ, ಬೇಜಾರು ಮಾಡಿಕೊಳ್ಳಬೇಡಿ, ಇದು ನಿಮಗೂ ಸೇರಿಯೇ. ವಾಯ್ಸ್ ಕಳಿಸೋಣ ಅಂದರೆ ಇಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲ, ಬರೆದೇ ಕಳಿಸುತ್ತೇನೆ. ಉದ್ದ ಇದೆ.

ನೀನು ಹೇಳಿದ್ದು ಇಷ್ಟು. ಎಂಟು ವರ್ಷದ ಹುಡುಗ, ಮಳೆಗಾಲದಿಂದ ಕಣ್ಣು ಪಟಪಟ ಮಿಟುಕಿಸುತ್ತಾನೆ. ಅದು ಕಡಿಮೆ ಆಯ್ತು ಅನ್ನುವಾಗ ಗಂಟಲಲ್ಲಿ ಹ್ಞೂಂ ಹ್ಞೂಂ ಶುರು. ಈಗ ಭುಜ ಹಾರಿಸುತ್ತಾನೆ. ಕಣ್ಣಿನ ಡಾಕ್ಟರು ಏನೂ ಇಲ್ಲ ಅಂದರು, ಅಲರ್ಜಿ ಸಿರಪ್ ಖಾಲಿ ಆಯ್ತು, ಗುಣ ಇಲ್ಲ. ಕೇಳಿದರೆ ಟಿಕ್ಸ್ ಥರವೇ ಇದೆ, ಅಂದರೆ ಬೇಕಂತ ಮಾಡದೆ ಮತ್ತೆ ಮತ್ತೆ ಆಗುವ ಚಲನೆ ಅಥವಾ ಶಬ್ದ. ನನ್ನ ದೊಡ್ಡವನದೂ ಇದೇ ದಾರಿ, ಕಣ್ಣಿಂದ ಗಂಟಲಿಗೆ, ಗಂಟಲಿಂದ ಕುತ್ತಿಗೆಗೆ. ಡಾಕ್ಟರು ನೋಡಿಯೇ ಹೇಳಬೇಕು, ಅದು ಬೇರೆ ಮಾತು. ಆದರೆ ಹೆದರಬೇಡ. ಸಾಮಾನ್ಯವಾಗಿ 5ರಿಂದ 7 ವರ್ಷಕ್ಕೆ ಶುರುವಾಗುತ್ತದೆ, ಗಂಡು ಹುಡುಗರಲ್ಲಿ ಜಾಸ್ತಿ, 10-12 ವರ್ಷದ ಹೊತ್ತಿಗೆ ಹೆಚ್ಚು ಕಾಟ ಕೊಡುತ್ತದೆ, ಆಮೇಲೆ ಹೆಚ್ಚಿನ ಮಕ್ಕಳಿಗೆ ಇಳಿಯುತ್ತದೆ. ನಮ್ಮವನು ಪಿಯುಸಿ ಈಗ. ಪೂರ್ತಿ ಹೋಗಿಲ್ಲ, ಆದರೆ ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದು ಕಷ್ಟ.

ಈಗ ಭಾವನ ಮಾತಿಗೆ ಬರುತ್ತೇನೆ. ಹಾಕಿ ಆಡುವಾಗ ಒಂದು ಸಲವೂ ಕಣ್ಣು ಮಿಟುಕಿಸುವುದಿಲ್ಲ, ಹೋಂವರ್ಕ್‌ಗೆ ಕೂತರೆ ಮಾತ್ರ ಶುರು, ಹಾಗಾದರೆ ಬೇಕಂತಲೇ ಮಾಡುತ್ತಾನೆ ಅಂತ ನಿಮ್ಮ ಲೆಕ್ಕ. ಟಿಕ್ಸ್ ಇರುವುದೇ ಹಾಗೆ. ಮೈ ಮನಸ್ಸು ಎರಡೂ ಒಂದರಲ್ಲಿ ಮುಳುಗಿದಾಗ ಕಡಿಮೆ, ಸುಸ್ತಾದಾಗ, ಗಾಬರಿಯಾದಾಗ, ಯಾರಾದರೂ ದಿಟ್ಟಿಸಿ ನೋಡಿದಾಗ ಜಾಸ್ತಿ. ಖುಷಿಗೂ ಜಾಸ್ತಿ ಆಗುತ್ತದೆ! ಹುತ್ತರಿಗೆ ಮಕ್ಕಳೆಲ್ಲ ಸೇರಿ ಪಟಾಕಿ ಹೊಡೆಯುವಾಗ ನಮ್ಮವನ ಕುತ್ತಿಗೆ ನಿಲ್ಲುತ್ತಲೇ ಇರಲಿಲ್ಲ. ಸ್ವಲ್ಪ ಹೊತ್ತು ತಡೆಹಿಡಿಯಲೂ ಆಗುತ್ತದೆ, ಅದಕ್ಕೇ ನೋಡಿದವರಿಗೆ ನಾಟಕ ಅನಿಸುವುದು. ಸೀನು ಬರುವ ಮುಂಚೆ ಮೂಗಿನಲ್ಲಿ ಒಂಥರಾ ಆಗುತ್ತದಲ್ಲ, ಇವರಿಗೆ ಹಾಗೆ ಕಣ್ಣಲ್ಲೋ ಭುಜದಲ್ಲೋ ಆಗುತ್ತದೆ, ಮಾಡಿದರೆ ಮಾತ್ರ ಸಮಾಧಾನ. ಸೀನಿದ್ದಕ್ಕೆ ಯಾರಾದರೂ ಹೊಡೆಯುತ್ತಾರಾ ಭಾವಾ?

ಹಾಗಾಗಿ ಮೊದಲ ಮದ್ದು ಪುಟ್ಟನಿಗೆ ಅಲ್ಲ, ಮನೆಯವರಿಗೆ. ಊಟಕ್ಕೆ ಕೂತಾಗ "ಮತ್ತೆ ಶುರು ಮಾಡಿದೆಯಾ" ಅನ್ನುವುದು ಬೇಡ. ಬಿಟ್ಟರೆ ಚಾಕೊಲೇಟ್ ಕೊಡುತ್ತೇನೆ ಅನ್ನುವುದೂ ಬೇಡ. ನೆಂಟರ ಮುಂದೆ ಅದೇ ಸುದ್ದಿ ತೆಗೆಯುವುದು ಬೇಡವೇ ಬೇಡ. ಸುಮ್ನೆ ಇರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು, ಕಣ್ಣು ತಾನಾಗಿ ಆ ಕಡೆ ಹೋಗುತ್ತದೆ. ಅತ್ತೆ ಹರಕೆ ಹೊತ್ತುಕೊಳ್ಳಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಅವನಿಗೆ ಏನೋ ಹಿಡಿದಿದೆ ಅಂತ ಅವನ ಕಿವಿಗೆ ಬೀಳಬಾರದು. ಅವನು ಕೇಳಿದರೆ ನೇರವಾಗಿ ಹೇಳು, ಇದಕ್ಕೆ ಟಿಕ್ಸ್ ಅಂತಾರೆ, ಬೇಕಾದಷ್ಟು ಮಕ್ಕಳಿಗೆ ಇರುತ್ತದೆ, ನಿನ್ನ ತಪ್ಪಲ್ಲ ಅಂತ.

ಮಾತ್ರೆ ಬಗ್ಗೆ ಕೇಳಿದ್ದೆ. ಮಾತ್ರೆಗಳಿವೆ, ಆದರೆ ಕುತ್ತಿಗೆ ನೋವು ಬಂದರೆ, ಓದಲು, ನಿದ್ದೆ ಹಿಡಿಯಲು ಆಗದಿದ್ದರೆ ಆಗ ಯೋಚನೆ ಮಾಡುತ್ತಾರೆ. ಕೆಲವು ಮಾತ್ರೆಗೆ ಮಂಪರು, ಕೆಲವಕ್ಕೆ ತೂಕ ಜಾಸ್ತಿ. ಅದಕ್ಕಿಂತ ಮೊದಲು ಸಿಬಿಐಟಿ ಅಂತ ಒಂದು ತರಬೇತಿ ಇದೆ, ಅದನ್ನು ಕೇಳು. ಟಿಕ್ ಬರುವ ಮುಂಚಿನ ಆ ಅನುಭವವನ್ನು ಮಗು ಗುರುತಿಸಲು ಕಲಿಯುತ್ತದೆ, ಬಂದ ಕೂಡಲೇ ಟಿಕ್ ಆಗದ ಹಾಗೆ ಬೇರೆ ಏನಾದರೂ ಮಾಡುತ್ತದೆ. ಗಂಟಲಿನದಕ್ಕೆ ಬಾಯಿ ಮುಚ್ಚಿ ಮೂಗಿನಲ್ಲಿ ನಿಧಾನ ಉಸಿರು. ಭುಜದ್ದಕ್ಕೆ ಮೊಣಕೈ ಪಕ್ಕೆಗೆ ಒತ್ತಿ ಭುಜ ಕೆಳಗೆ ಹಿಡಿಯುವುದು. ಒಂದು ನಿಮಿಷ, ಅಥವಾ ಆ ಒತ್ತಡ ಇಳಿಯುವವರೆಗೆ. ಜೊತೆಗೆ ಯಾವಾಗ ಜಾಸ್ತಿ ಆಗುತ್ತದೆ, ಆಗ ಮನೆಯವರು ಏನು ಮಾಡುತ್ತಾರೆ, ಅದನ್ನೂ ನೋಡಿ ಬದಲಾಯಿಸುತ್ತಾರೆ. ಅಮೆರಿಕದಲ್ಲಿ 126 ಮಕ್ಕಳ ಮೇಲೆ ಇದನ್ನು ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದರು. ತರಬೇತಿ ಪಡೆದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಕ್ಕಳಿಗೆ ಚೆನ್ನಾಗಿ ಗುಣ ಕಂಡಿತು, ಬರೀ ಸಮಾಧಾನ ಹೇಳಿಸಿಕೊಂಡ ಗುಂಪಿನಲ್ಲಿ ಐದರಲ್ಲಿ ಒಬ್ಬರಿಗೂ ಇಲ್ಲ. ಎಲ್ಲರಿಗೂ ಆಗುತ್ತದೆ ಅಂತ ಅಲ್ಲ. ಪುಟ್ಟನಿಗೇ ಬೇಡ ಅನಿಸಿದರೆ ಒತ್ತಾಯ ಮಾಡಬೇಡ.

ಎಲ್ಲಿ ತೋರಿಸುವುದು ಅಂದರೆ, ಮೊದಲು ನಿಮ್ಮ ಮಕ್ಕಳ ಡಾಕ್ಟರು. ಆಮೇಲೆ ಮಡಿಕೇರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋರೋಗ ವಿಭಾಗ. ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್, ಅಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. ಮನೋರೋಗ ಅಂದ ಕೂಡಲೇ ಮುಖ ಸಿಂಡರಿಸಬೇಡಿ ಯಾರೂ. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಕೈ ಮತ್ತೆ ಮತ್ತೆ ತೊಳೆಯುವುದು, ಎಣಿಸುವುದು, ಒಂದು ಕಡೆ ಕೂರದಿರುವುದು ಇದ್ದರೆ ಅದನ್ನೂ ಹೇಳು. ಟಿಕ್ಸ್ ಜೊತೆ ಅವು ಇರುವುದುಂಟು, ಎಷ್ಟೋ ಸಲ ಅವೇ ಹೆಚ್ಚು ತೊಂದರೆ. ಪ್ರಜ್ಞೆ ತಪ್ಪಿದ ಹಾಗೆ ಆದರೆ, ಕರೆದರೂ ಓಗೊಡದಿದ್ದರೆ ಅಥವಾ ನಡಿಗೆ ಬದಲಾದರೆ ಮಾತ್ರ ಕಾಯಬೇಡ, ಅವತ್ತೇ ಹೋಗು.

ಶಾಲೆಗೆ ನೀನೇ ಹೋಗಿ ಟೀಚರ್ ಹತ್ತಿರ ಮಾತಾಡು. ಒಬ್ಬ ಟೀಚರ್ ನಮ್ಮವನನ್ನು ಗಂಟಲು ಶಬ್ದ ಮಾಡಿದ್ದಕ್ಕೆ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ವಿಷಯ ಹೇಳಿದ ಮೇಲೆ ಪಕ್ಕದ ಸಾಲಿನಲ್ಲಿ ಕೂರಿಸಿದರು, ತಡೆಯಲು ಆಗದಿದ್ದರೆ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಲು ಬಿಟ್ಟರು. ಅಷ್ಟಕ್ಕೇ ಅರ್ಧ ಗಲಾಟೆ ತಣ್ಣಗಾಯಿತು. ಸಂಜೆ ಮನೆಗೆ ಬಂದ ಕೂಡಲೇ ಟಿಕ್ಸ್ ಜಾಸ್ತಿ ಕಂಡರೆ ಮನೆಯಲ್ಲೇ ಏನೋ ತಪ್ಪಾಗುತ್ತಿದೆ ಅಂದುಕೊಳ್ಳಬೇಡ. ದಿನವಿಡೀ ಎಲ್ಲರ ಮುಂದೆ ತಡೆಹಿಡಿದ ಮಗು ಮನೆಯಲ್ಲಿ ತಡೆಯುವುದಿಲ್ಲ, ಅಷ್ಟೇ. ಬ್ಯಾಗ್ ಇಟ್ಟ ಕೂಡಲೇ ಪುಸ್ತಕ ಹಿಡಿಸದೆ ಒಂದಷ್ಟು ಹೊತ್ತು ತೋಟದಲ್ಲಿ ಓಡಾಡಿಕೊಂಡು ಬರಲಿ.

ಡಾಕ್ಟರಿಗೆ ತೋರಿಸಲು ವಿಡಿಯೋ ಇಟ್ಟುಕೋ, ಅವರ ಎದುರಿಗೆ ಟಿಕ್ ಬಾರದೇ ಇರಬಹುದು. ಆದರೆ ಅವನಿಗೆ ಹೇಳಿಯೇ ತೆಗೆ, ಕದ್ದು ಬೇಡ. ನಿನ್ನೆ ಈ ಗುಂಪಿಗೆ ಹಾಕಿದ್ದೀಯಲ್ಲ, ಅದನ್ನು ಈಗಲೇ ಡಿಲೀಟ್ ಮಾಡು. ಅವನ ವಯಸ್ಸಿನವರ ಕೈಗೂ ಈ ಫೋನುಗಳು ಹೋಗುತ್ತವೆ. ಡೌನ್‌ಲೋಡ್ ಮಾಡಿಕೊಂಡವರೂ ದಯವಿಟ್ಟು ತೆಗೆಯಿರಿ. ಭಾವಾ, ನೀವೂ.