ಸರ್ವರ್ ಯಾರ ಹೆಸರಲ್ಲಿದೆ?

"ಸಿಸ್ಟಮ್ ಡೌನ್ ಆದಾಗೆಲ್ಲ ನಿಮ್ಮದು ಒಂದೇ ರಾಗ, ಯಾರೋ ಹ್ಯಾಕ್ ಮಾಡಿರಬೇಕು ಅಂತ," ಅಕೌಂಟ್ಸ್‌ನ ರಾಘು ಐಟಿಯ ಸೀನ, ಪದ್ದು ಇಬ್ಬರನ್ನೂ ಕೆಣಕಿದ. "ಹಾಜರಾತಿ ಸಾಫ್ಟ್‌ವೇರ್ ಹ್ಯಾಕ್ ಮಾಡಿ ಅವನಿಗೇನು ಸಿಗುತ್ತೆ, ತಡವಾಗಿ ಬಂದವರ ಪಟ್ಟಿಯಾ?"

"ಹ್ಯಾಕರ್ ಅಂದರೆ ಸ್ವಲ್ಪ ಮರ್ಯಾದೆ ಉಳಿಯುತ್ತೆ ಕಣೋ," ಸೀನ ಅಂದ. "ಸೈಟ್ ಅಸಲಿ ಅಂತ ಬ್ರೌಸರ್‌ಗೆ ತೋರಿಸೋ ಸರ್ಟಿಫಿಕೇಟ್‌ನ ಅವಧಿ ಮುಗಿದಿತ್ತು, ಯಾರೂ ನೋಡಿರಲಿಲ್ಲ ಅಂತ ಹೇಳೋಕೆ ಬಾಯಿ ಬರಬೇಕಲ್ಲ."

"ನೋಡೋಕೆ ಯಾರಾದರೂ ಇದ್ದರೆ ತಾನೆ?" ಪದ್ದು ನಡುವೆ ಬಾಯಿ ಹಾಕಿದಳು. "ಇನ್ನು 30 ದಿನ ಇದೆ ಅನ್ನೋ ಮೇಲ್ ಸರಿಯಾಗಿಯೇ ಬಂದಿರುತ್ತೆ. ಹೋಗಿರೋದು ಮಾತ್ರ ಕೆಲಸ ಬಿಟ್ಟವನ ಇನ್‌ಬಾಕ್ಸ್‌ಗೆ."

"ಹೊಸ ಸರ್ಟಿಫಿಕೇಟ್ ಹಾಕಿದರೆ ಮುಗೀತಲ್ಲ?"

"ಅಲ್ಲೇ ಮಜಾ ಇರೋದು," ಸೀನ ಕುರ್ಚಿ ಮುಂದಕ್ಕೆ ಎಳೆದ. "ಫೈಲ್ ಬದಲಾಯಿಸಿ ಕೈ ತೊಳೆದುಕೊಳ್ತಾರೆ. ಎನ್‌ಜಿನ್‌ಎಕ್ಸ್ ಅಂಥ ವೆಬ್ ಸರ್ವರ್‌ಗಳು ಹಳೆಯದನ್ನು ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತವೆ, ರೀಲೋಡ್ ಮಾಡೋವರೆಗೂ ಅದನ್ನೇ ತೋರಿಸ್ತವೆ. ಇನ್ನೊಂದು ತಮಾಷೆ ಕೇಳು. ನಮ್ಮ ಸರ್ಟಿಫಿಕೇಟನ್ನು ಬ್ರೌಸರ್ ನಂಬೋ ಮೂಲ ಸರ್ಟಿಫಿಕೇಟ್‌ಗೆ ಜೋಡಿಸೋ ನಡುವಿನ ಇಂಟರ್‌ಮೀಡಿಯೆಟ್ ಸರ್ಟಿಫಿಕೇಟ್ ಹಾಕೋದು ಮರೆತರೆ, ಲ್ಯಾಪ್‌ಟಾಪ್ ಬ್ರೌಸರ್‌ನಲ್ಲಿ ಸೈಟ್ ತೆರೆದುಕೊಳ್ಳಬಹುದು, ಯಾಕೆಂದರೆ ಬ್ರೌಸರ್ ತಾನೇ ಅದನ್ನು ಹುಡುಕಿ ತಂದುಕೊಳ್ಳುತ್ತೆ. ಮೊಬೈಲ್ ಆ್ಯಪ್, ಪೇಮೆಂಟ್ ಸರ್ವರ್ ಅಷ್ಟು ಉಪಕಾರಿಗಳಲ್ಲ, ಕೈ ಎತ್ತಿಬಿಡ್ತವೆ. 'ನನ್ನ ಹತ್ತಿರ ಓಪನ್ ಆಗ್ತಿದೆ' ಅಂತ ಅರ್ಧ ದಿನ ಜಗಳ. ಬ್ರೌಸರ್ ನಂಬಬೇಡ, ಸರ್ಟಿಫಿಕೇಟ್ ಪರೀಕ್ಷಿಸೋ ಓಪನ್‌ಎಸ್‌ಎಸ್‌ಎಲ್ ಕಮಾಂಡಿನಿಂದ ಹೊರಗಿನ ಮಷೀನಲ್ಲಿ ನೋಡು."

"ಇದೆಲ್ಲ ವರ್ಷಕ್ಕೊಂದು ಸಲ ತಾನೆ? ಸಹಿಸಿಕೊಳ್ಳಿ."

ಪದ್ದು ನಕ್ಕಳು. "ಆ ಕಾಲ ಹೋಯ್ತು ರಾಘು. ಸಾರ್ವಜನಿಕ ಸರ್ಟಿಫಿಕೇಟ್‌ಗಳಿಗೆ ಗರಿಷ್ಠ 398 ದಿನ ಇದ್ದದ್ದು, 2026ರ ಮಾರ್ಚ್ 15ರಿಂದ 200. 2027ರಲ್ಲಿ 100, 2029ರಲ್ಲಿ 47. ಸರ್ಟಿಫಿಕೇಟ್ ಕೊಡೋರು, ಬ್ರೌಸರ್ ಮಾಡೋರು ಸೇರಿ 2025ರಲ್ಲಿ ವೋಟು ಹಾಕಿ ಪಾಸು ಮಾಡಿದ್ದು."

"47 ದಿನ ಅಂದರೆ ವರ್ಷಕ್ಕೆ ಎಂಟು ಸಲ!"

"ಕೈಯಲ್ಲಿ ಮಾಡೋರಿಗೆ ಎಂಟು ಸಲ ಬೈಗುಳ. ಸರ್ಟಿಫಿಕೇಟನ್ನು ತಾನೇ ಕೇಳಿ ತರೋ ಎಸಿಎಂಇ ವ್ಯವಸ್ಥೆ ಹಾಕಿ ತಾನಾಗೇ ರಿನ್ಯೂ ಆಗೋ ಹಾಗೆ ಮಾಡು, ರಿನ್ಯೂ ಆದ ತಕ್ಷಣ ರೀಲೋಡ್ ಆಗೋ ಕಮಾಂಡನ್ನೂ ಜೊತೆಗೇ ಸೇರಿಸು. ಅದರ ಕೈಗೆ ಸಿಗದವು ಹಳೆಯ ಲೋಡ್ ಬ್ಯಾಲೆನ್ಸರ್, ವಿಪಿಎನ್ ಡಬ್ಬ, ಪ್ರಿಂಟರು. ಆ ಪಟ್ಟಿ ಕಾಗದದ ಮೇಲಾದರೂ ಇರಲಿ."

"ಪಟ್ಟಿ ಇದೆ. ಎಲ್ಲದರ ಮುಂದೆಯೂ ಮಾಲೀಕರು ಅನ್ನೋ ಕಾಲಂನಲ್ಲಿ 'ಐಟಿ ವಿಭಾಗ' ಅಂತ ಬರೆದಿದೆ," ರಾಘು ಅಂದ.

"ಅಂದರೆ ಯಾರೂ ಇಲ್ಲ ಅಂತ," ಸೀನ ತಲೆ ಚಚ್ಚಿಕೊಂಡ. "ಎರಡು ಹೆಸರು ಬೇಕು. ಒಬ್ಬ ರಜೆ ಹಾಕಿದರೆ ಇನ್ನೊಬ್ಬ ಫೋನ್ ಎತ್ತಬೇಕು. ಎಚ್ಚರಿಕೆ ಮೇಲ್ ವ್ಯಕ್ತಿಗೆ ಹೋಗಬಾರದು, ಗುಂಪಿನ ವಿಳಾಸಕ್ಕೆ ಹೋಗಬೇಕು. ವ್ಯಕ್ತಿ ಹೋಗ್ತಾನೆ, ಡೊಮೇನ್ ಹೆಸರಿನ ಲಾಗಿನ್ ಅವನ ಮೊಬೈಲ್ ಓಟಿಪಿ ಮೇಲೆ ನಿಂತಿರುತ್ತೆ. ಆಮೇಲೆ ಕಂಪನಿ ಪೂರ್ತಿ ಅವನ ಮೂಡ್ ನೋಡಿಕೊಂಡು ಫೋನ್ ಮಾಡಬೇಕು."

"ಕೆಲಸ ಬಿಟ್ಟವರ ಅಕೌಂಟ್ ಅವತ್ತೇ ಬಂದ್ ಮಾಡ್ತೀವಪ್ಪ, ಎಚ್‌ಆರ್ ಚೆಕ್‌ಲಿಸ್ಟೇ ಇದೆ," ಪದ್ದು ಬೀಗಿದಳು.

"ಬಂದ್ ಮಾಡಿದ ರಾತ್ರಿಯೇ ಸಂಬಳದ ಫೈಲ್ ಬ್ಯಾಂಕಿಗೆ ಹೋಗೋದೂ ಬಂದ್," ಸೀನ ಅಂದ. "ಯಾಕೆ ಹೇಳು? ಹೊತ್ತಿಗೆ ಸರಿಯಾಗಿ ತಾನಾಗೇ ಶುರುವಾಗೋ ಆ ಶೆಡ್ಯೂಲ್ಡ್ ಟಾಸ್ಕ್ ಓಡ್ತಿದ್ದದ್ದು ಅವನ ಸ್ವಂತ ಲಾಗಿನ್‌ನಲ್ಲಿ. ಅದಕ್ಕೇ ಅಕೌಂಟ್ ಮುಟ್ಟೋ ಮೊದಲು ನಾಲ್ಕು ಕಡೆ ನೋಡು: ಶೆಡ್ಯೂಲ್ಡ್ ಟಾಸ್ಕ್, ಸರ್ವಿಸ್ ಯಾರ ಹೆಸರಲ್ಲಿ ಲಾಗಾನ್ ಆಗ್ತಿದೆ ಅನ್ನೋದು, ಸಾಫ್ಟ್‌ವೇರ್‌ಗಳು ಒಂದಕ್ಕೊಂದು ತೋರಿಸೋ ಎಪಿಐ ಟೋಕನ್, ಹೊರಗಿನ ಪೋರ್ಟಲ್‌ಗಳ ಅಡ್ಮಿನ್ ಹಕ್ಕು. ಮೊದಲು ಡಿಸೇಬಲ್, ಡಿಲೀಟ್ ಒಂದು ತಿಂಗಳಾದ ಮೇಲೆ. ವಿಂಡೋಸ್‌ನಲ್ಲಾದರೆ ಇಂಥ ಕೆಲಸಕ್ಕೆ ಗ್ರೂಪ್ ಮ್ಯಾನೇಜ್ಡ್ ಸರ್ವಿಸ್ ಅಕೌಂಟ್ ಇದೆ. ಪಾಸ್‌ವರ್ಡನ್ನು ಲಾಗಿನ್‌ಗಳ ಲೆಕ್ಕ ಇಡೋ ಆ್ಯಕ್ಟಿವ್ ಡೈರೆಕ್ಟರಿಯೇ 30 ದಿನಕ್ಕೊಮ್ಮೆ ಬದಲಾಯಿಸುತ್ತೆ, ಯಾರ ತಲೆಯಲ್ಲೂ ಇರೋದಿಲ್ಲ, ರಾಜೀನಾಮೆಯನ್ನೂ ಕೊಡೋದಿಲ್ಲ."

"ಸರಿ ಬಿಡು, ಏನೇ ಹೋದರೂ ಬ್ಯಾಕಪ್ ಇದೆಯಲ್ಲ," ಅಂತ ರಾಘು ಅಂದದ್ದೇ ತಡ, ಇಬ್ಬರೂ ಒಟ್ಟಿಗೇ ನಕ್ಕರು.

"ಡ್ಯಾಶ್‌ಬೋರ್ಡ್‌ನಲ್ಲಿ ಹಸಿರು ಟಿಕ್ ಇದೆ," ಸೀನ ಅಂದ. "ಕಾಪಿ ಮಾಡು ಅಂದದ್ದನ್ನು ಮಾಡಿದೆ ಅಂತಷ್ಟೇ ಅದರ ಅರ್ಥ. ಆಮೇಲೆ ಸೇರಿಸಿದ ಹೊಸ ಡಿಸ್ಕ್ ಆ ಪಟ್ಟಿಯಲ್ಲೇ ಇರೋದಿಲ್ಲ. ಓಡುತ್ತಿರೋ ಡೇಟಾಬೇಸ್‌ನ ಫೈಲನ್ನು ಸುಮ್ಮನೆ ಎತ್ತಿಟ್ಟರೆ, ತೆರೆಯುವಾಗ ಅರ್ಧ ಬರೆದ ಪುಟಗಳು ಸಿಗ್ತವೆ. ಒಂದೇ ಡೇಟಾವನ್ನು ಎರಡು ಡಿಸ್ಕ್‌ಗೆ ಬರೆಯೋ ರೇಡ್ ಇದೆಯಲ್ಲ ಅಂತಾರೆ ಕೆಲವರು. ಡಿಸ್ಕ್ ಸುಟ್ಟರೆ ರೇಡ್ ಕಾಪಾಡುತ್ತೆ, ನೀನು ಫೋಲ್ಡರ್ ಡಿಲೀಟ್ ಮಾಡಿದರೆ ಎರಡೂ ಡಿಸ್ಕ್‌ನಿಂದ ಶ್ರದ್ಧೆಯಿಂದ ಅಳಿಸಿ ಹಾಕುತ್ತೆ."

"ಕೋಡ್ ಇಟ್ಟುಕೊಳ್ಳೋ ತಾಣ ಗಿಟ್‌ಲ್ಯಾಬ್‌ನ ಕಥೆ ಹೇಳು," ಪದ್ದು ನೆನಪಿಸಿದಳು.

"2017ರ ಜನವರಿ 31. ರಾತ್ರಿ ಹೊತ್ತಲ್ಲಿ ಎಂಜಿನಿಯರ್ ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಡೈರೆಕ್ಟರಿ ಅಳಿಸಿದ. ದಿನಾ ಆಗಬೇಕಿದ್ದ ಡಂಪ್, ಅಂದರೆ ಡೇಟಾಬೇಸ್‌ನ ನಕಲು, ಹುಡುಕಿದರೆ, ಇಲ್ಲವೇ ಇಲ್ಲ. ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ 9.6 ಇದ್ದ ಕಡೆ 9.2ರ ಡಂಪ್ ಟೂಲ್ ಓಡಿ ಸೋಲ್ತಾ ಇತ್ತು. ಸೋತೆ ಅಂತ ಮೇಲ್ ಕೂಡ ಕಳಿಸ್ತಿತ್ತು ಪಾಪ, ಕಳಿಸಿದವರು ಅಸಲಿಯಾ ಅಂತ ನೋಡೋ ಡಿಮಾರ್ಕ್ ನಿಯಮಕ್ಕೆ ಬೇಕಾದ ಸಹಿ ಇಲ್ಲದ್ದಕ್ಕೆ ಮೇಲ್ ಸರ್ವರ್ ಅದನ್ನು ಬಾಗಿಲಲ್ಲೇ ತಿರುಗಿಸ್ತಿತ್ತು. ಕೊನೆಗೆ ಕೈಹಿಡಿದದ್ದು ಸುಮಾರು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆ ಕೈಯಾರೆ ತೆಗೆದ ಸ್ನ್ಯಾಪ್‌ಶಾಟ್. ಅದನ್ನೆಲ್ಲ ಮುಚ್ಚುಮರೆ ಇಲ್ಲದೆ ಬರೆದು ಹಾಕಿದರು ನೋಡು, ಅದು ದೊಡ್ಡತನ."

"ಹಾಗಾದರೆ ಮಾಡೋದೇನು?"

"ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಲ್ಲಿ. ಇದು ಎಲ್ಲರಿಗೂ ಬಾಯಿಪಾಠ. ಮರೆಯೋದು ಬೇರೆಯವು," ಪದ್ದು ಅಂದಳು. "ಬ್ಯಾಕಪ್ ಸರ್ವರ್ ಅದೇ ಡೊಮೇನ್‌ನಲ್ಲಿ, ಅದೇ ಅಡ್ಮಿನ್ ಪಾಸ್‌ವರ್ಡ್‌ನಲ್ಲಿದ್ದರೆ ಫೈಲ್‌ಗೆ ಬೀಗ ಹಾಕಿ ಹಣ ಕೇಳೋ ರಾನ್ಸಮ್‌ವೇರ್ ಮೊದಲು ಅಳಿಸೋದೇ ಅದನ್ನ. ಒಂದು ಪ್ರತಿಯಾದರೂ ಅಡ್ಮಿನ್ ಕೂಡ ಅಳಿಸಲಾಗದ ಹಾಗೆ ಲಾಕ್ ಆಗಿರಬೇಕು. ಮತ್ತೆ ಬ್ಯಾಕಪ್ ಬಿಚ್ಚೋ ಕೀಲಿ. ಅದನ್ನಿಟ್ಟ ಪಾಸ್‌ವರ್ಡ್ ಮ್ಯಾನೇಜರ್ ಬಿದ್ದುಹೋದ ಸರ್ವರ್‌ನಲ್ಲೇ ಓಡ್ತಿರುತ್ತೆ."

"ಅಲ್ಲಿಗೆ ಬೀಗದ ಕೈ ಬೀರುವಿನೊಳಗೇ!"

"ಇನ್ನು ಸಮಯ," ಸೀನ ಬೆರಳು ಮಡಿಸಿದ. "ಬಿದ್ದ ಸಿಸ್ಟಮನ್ನು ನಾಲ್ಕು ಗಂಟೆಯಲ್ಲಿ ಎಬ್ಬಿಸ್ತೀವಿ ಅಂತ ಬಾಸ್‌ಗೆ ಬರೆದು ಕೊಟ್ಟಿರ್ತಾರೆ. 10 ಟೆರಾಬೈಟ್ ಡೇಟಾ, 1 ಗಿಗಾಬಿಟ್ ಲೈನು. ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್. 80,000 ಸೆಕೆಂಡ್. 22 ಗಂಟೆ ಮೇಲಾಯ್ತು, ಲೈನ್ ಒಂದು ಸಲವೂ ತಡವರಿಸದೆ ಇದ್ದರೆ. ಈ ಭಾಗಾಕಾರವನ್ನು ಸಹಿ ಹಾಕೋ ಮೊದಲು ಯಾರೂ ಮಾಡೋದಿಲ್ಲ."

"ವರ್ಷದಲ್ಲಿ 99.9 ಪರ್ಸೆಂಟ್ ಹೊತ್ತು ಸಿಸ್ಟಮ್ ಓಡ್ತಿರುತ್ತೆ ಅಂತ ಹೇಳಿರೋದು?"

"ಅದರಲ್ಲಿ ಸಿಗೋ ರಿಯಾಯಿತಿ ವರ್ಷಪೂರ್ತಿಗೆ 8 ಗಂಟೆ 45 ನಿಮಿಷ. ನೀನೇ ಲೆಕ್ಕದವನು, ಕಳೆದು ನೋಡು."

ಐಟಿಗೆ ದೂರು ಬರೆಯೋ ಟಿಕೆಟ್‌ನ ಮಾತಿಗೆ ಬಂದಾಗ ಪದ್ದು ಜಾಸ್ತಿ ಹೇಳಲಿಲ್ಲ. ಎಷ್ಟು ಜನಕ್ಕೆ ತೊಂದರೆ, ಎಷ್ಟು ಬೇಗ ಬೇಕು, ಈ ಎರಡನ್ನೂ ಸೇರಿಸಿ ಡೆಸ್ಕ್‌ನವರು ಪಿ1, ಅಂದರೆ ಎಲ್ಲಕ್ಕಿಂತ ತುರ್ತು, ಅನ್ನಬೇಕು, ಟಿಕೆಟ್ ಹಾಕೋರಿಗೆ ಆ ಡ್ರಾಪ್‌ಡೌನ್ ಕೊಡಲೇಬಾರದು. ಕೊಟ್ಟರೆ ಮೌಸ್ ಕೆಟ್ಟಿದ್ದೂ ಪಿ1.

"ಬ್ಯಾಕಪ್ ನಿಜಕ್ಕೂ ಇದೆಯಾ ಅಂತ ತಿಳಿಯೋದು ಹೇಗೆ ಹಾಗಾದರೆ?" ರಾಘು ಬಿಡಲಿಲ್ಲ.

"ಮೂರು ತಿಂಗಳಿಗೊಮ್ಮೆ ಬ್ಯಾಕಪ್ ನೋಡಿಕೊಳ್ಳೋನನ್ನು ಬಿಟ್ಟು ಬೇರೆಯವರು ಒಂದು ಫೈಲ್ ಕೇಳಬೇಕು. ಗಡಿಯಾರ ನೋಡಿ, ಖಾಲಿ ಮಷೀನ್‌ಗೆ ಇಳಿಸಿ, ತೆರೆದು, ಮೊತ್ತ ತಾಳೆ ನೋಡಬೇಕು. ಅಕೌಂಟ್ಸ್‌ನೋರೇ ಕೇಳಿದರೆ ಇನ್ನೂ ಒಳ್ಳೇದು."

"ಕೇಳಿದೆ ಅಂತಲೇ ಇಟ್ಟುಕೋ. ಎರಡು ವರ್ಷದ ಹಿಂದಿನ ಮಾರ್ಚ್ ಲೆಡ್ಜರ್."

"ಹಳೆಯ ಪ್ರತಿ ಉಳಿಸಿಕೊಳ್ಳೋ ಅವಧಿ, ಅಂದರೆ ರಿಟೆನ್ಷನ್, 30 ದಿನಕ್ಕೆ ಸೆಟ್ ಆಗಿದ್ದರೆ ಸಿಗೋದಿಲ್ಲ."

"ಯಾರು ಸೆಟ್ ಮಾಡಿದ್ದು?"

"ಡಿಫಾಲ್ಟ್."

"ಅವನ ಎಕ್ಸ್‌ಟೆನ್ಷನ್ ನಂಬರ್ ಕೊಡು," ಅಂದ ರಾಘು, "ಪಿ1 ಹಾಕ್ತೀನಿ."